ಪಾಡ್ ಯಾಕೆ ಏಳುತ್ತಿಲ್ಲ? ಲ್ಯಾಪ್‌ಟಾಪ್‌ನ ಕುಬರ್ನೆಟಿಸ್‌ನಲ್ಲಿ ತಪ್ಪು ಹುಡುಕುವ ಕ್ರಮ

"ಸರ್, ಎಲ್ಲಾ ಸರಿಯಾಗೇ ಮಾಡಿದ್ದೀನಿ, ಆದ್ರೂ ಪಾಡ್ ಏಳ್ತಿಲ್ಲ." ವಾರಾಂತ್ಯದಲ್ಲಿ ನನ್ನ ಹತ್ತಿರ ಕುಬರ್ನೆಟಿಸ್ ಕಲಿಯಲು ಬರುವವರ ಬಾಯಲ್ಲಿ ಜಾಸ್ತಿ ಕೇಳಿರುವ ಮಾತು ಇದು. ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆ. "ಕ್ಲಸ್ಟರ್ ಡಿಲೀಟ್ ಮಾಡಿ ಮತ್ತೆ ಹಾಕಿದೆ, ಈಗ್ಲೂ ಹಾಗೇ ಇದೆ." (ಕುಬರ್ನೆಟಿಸ್ ಅಂದರೆ ಕಂಟೇನರ್‌ಗಳನ್ನು, ಅಂದರೆ ಬೇಕಾದ್ದೆಲ್ಲದರ ಜೊತೆ ಕಟ್ಟಿಟ್ಟ ಪ್ರೋಗ್ರಾಂಗಳನ್ನು, ಓಡಿಸಿ ನೋಡಿಕೊಳ್ಳುವ ವ್ಯವಸ್ಥೆ. ಅದು ಓಡಿಸುವ ಚಿಕ್ಕ ಘಟಕ ಪಾಡ್. ಅದು ನಡೆಸುವ ಯಂತ್ರಗಳ ಗುಂಪು ಕ್ಲಸ್ಟರ್.)

ಆ ಎರಡನೇ ಮಾತು ಕೇಳಿದರೆ ನನಗೆ ಬೇಜಾರಾಗುತ್ತದೆ. ಕ್ಲಸ್ಟರ್ ಅಳಿಸಿದರೆ ಅದರ ಜೊತೆ ಸಾಕ್ಷಿಯೂ ಹೋಗುತ್ತದೆ. ಏನಾಯಿತು ಅಂತ ಕುಬರ್ನೆಟಿಸ್ ತಾನೇ ಬರೆದಿಟ್ಟುಕೊಂಡಿರುತ್ತದೆ. ಅದನ್ನು ಓದದೆ ಒರೆಸಿ ಹಾಕಿದರೆ, ಹೊಸ ಕ್ಲಸ್ಟರ್‌ನಲ್ಲೂ ಅದೇ ತಪ್ಪು ಅದೇ ಜಾಗದಲ್ಲಿ ಕಾಯುತ್ತಿರುತ್ತದೆ. ಈ ಬರಹ ಮಿನಿಕ್ಯೂಬ್ ಅಥವಾ ಕೈಂಡ್ (ಒಂದೇ ಯಂತ್ರದಲ್ಲಿ ಪುಟ್ಟ ಕ್ಲಸ್ಟರ್ ಕಟ್ಟಿಕೊಡುವ ಉಪಕರಣಗಳು) ಬಳಸಿ ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಕಲಿಯುತ್ತಿರುವವರಿಗೆ. ಕಮಾಂಡ್‌ಗಳನ್ನು ಕನ್ನಡದಲ್ಲಿ, ಬಾಯಲ್ಲಿ ಹೇಳುವ ಹಾಗೆಯೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಅವುಗಳ ಇಂಗ್ಲಿಷ್ ರೂಪ ಹಾಕಿಕೊಳ್ಳಿ.

ಯಾರ ಕೈಯಲ್ಲಿ ನಿಂತಿದೆ?

ಊರಿಗೆ ಬಸ್ಸಿನಲ್ಲಿ ಪಾರ್ಸೆಲ್ ಹಾಕಿದ್ದೀರಿ, ಅದು ತಲುಪಿಲ್ಲ ಅಂದುಕೊಳ್ಳಿ. ಇನ್ನೊಂದು ಪಾರ್ಸೆಲ್ ಕಳಿಸುವುದಿಲ್ಲ ಅಲ್ವಾ? ಬುಕ್ ಆಯಿತಾ, ಬಸ್ಸಿಗೆ ಏರಿತಾ, ಊರಿನ ಸ್ಟ್ಯಾಂಡಿನಲ್ಲಿ ಇಳಿಯಿತಾ, ಇಳಿದಿದ್ದರೆ ಯಾರಾದರೂ ತಂದರಾ ಅಂತ ಒಂದೊಂದಾಗಿ ವಿಚಾರಿಸುತ್ತೀರಿ. ಪಾಡ್ ಕೂಡ ಹಾಗೆಯೇ ಕೈಯಿಂದ ಕೈಗೆ ಹೋಗುತ್ತದೆ.

ನೀವು ಯಾಮಲ್ ಫೈಲ್ (ಏನು ಬೇಕು ಅಂತ ಬರೆದ ಪಟ್ಟಿ) ಕೊಟ್ಟಾಗ ಕ್ಯೂಬ್‌ಸಿಟಿಎಲ್ ಅನ್ನುವ ಕಮಾಂಡ್ ಅದನ್ನು ಕ್ಲಸ್ಟರ್‌ನ ಬಾಗಿಲಾದ ಎಪಿಐ ಸರ್ವರ್‌ಗೆ ಕೊಡುತ್ತದೆ. ಎಪಿಐ ಸರ್ವರ್ ಅದನ್ನು ಎಟ್‌ಸಿಡಿ ಅನ್ನುವ ಡೇಟಾಬೇಸ್‌ನಲ್ಲಿ ಬರೆದಿಡುತ್ತದೆ. ಪಾಡ್ ಓಡಬೇಕಾದದ್ದು ಯಾವ ನೋಡ್‌ನಲ್ಲಿ (ಕ್ಲಸ್ಟರ್‌ನ ಒಂದು ಯಂತ್ರ) ಅಂತ ಶೆಡ್ಯೂಲರ್ ಗೊತ್ತುಮಾಡುತ್ತದೆ. ಆ ನೋಡ್‌ನ ಮೇಲ್ವಿಚಾರಕನಾದ ಕ್ಯೂಬ್ಲೆಟ್, ಕಂಟೇನರ್ ಓಡಿಸುವ ಕಂಟೇನರ್‌ಡಿ ಅಥವಾ ಡಾಕರ್‌ಗೆ ಹೇಳಿ ಇಮೇಜ್ (ಕಂಟೇನರ್‌ನ ಮೂಲ ಪ್ರತಿ) ತರಿಸುತ್ತದೆ, ಕಂಟೇನರ್ ಶುರುಮಾಡಿಸುತ್ತದೆ. ಆಮೇಲೆ ನಿಮ್ಮ ಪ್ರೋಗ್ರಾಂ ಬದುಕಿರಬೇಕು. ಕೊನೆಗೆ ಸರ್ವಿಸ್ ಅದನ್ನು ಹುಡುಕಿ ಹೊರಗಿನವರಿಗೆ ತೋರಿಸಬೇಕು.

'ಕ್ಯೂಬ್‌ಸಿಟಿಎಲ್ ಗೆಟ್ ಪಾಡ್ಸ್' ಕೊಟ್ಟಾಗ ಬರುವ ಸ್ಟೇಟಸ್ ಕಾಲಮ್‌ನ ಪದ ನೋಡಿದರೆ ಯಾರ ಕೈಯಲ್ಲಿ ನಿಂತಿದೆ ಅಂತ ಗೊತ್ತಾಗುತ್ತದೆ. 'ಪೆಂಡಿಂಗ್' ಅಂದರೆ ಸಾಮಾನ್ಯವಾಗಿ ಶೆಡ್ಯೂಲರ್ ಹತ್ತಿರ. 'ಇಮೇಜ್‌ಪುಲ್‌ಬ್ಯಾಕ್‌ಆಫ್' ಅಂದರೆ ಇಮೇಜ್ ತರುವ ಕಡೆ. 'ಕ್ರ್ಯಾಶ್‌ಲೂಪ್‌ಬ್ಯಾಕ್‌ಆಫ್' ಅಂದರೆ ಅಲ್ಲಿಯವರೆಗೆ ಎಲ್ಲರೂ ತಮ್ಮ ಕೆಲಸ ಮುಗಿಸಿದ್ದಾರೆ, ನಿಮ್ಮ ಪ್ರೋಗ್ರಾಂ ಬೀಳುತ್ತಿದೆ. 'ರನ್ನಿಂಗ್' ಇದ್ದೂ ಬ್ರೌಸರ್‌ನಲ್ಲಿ ತೆರೆಯುತ್ತಿಲ್ಲ ಅಂದರೆ ಸರ್ವಿಸ್ ಅಥವಾ ನೆಟ್‌ವರ್ಕ್. ಯಾವ ಕೈ ಅಂತ ಗೊತ್ತಾಗುವವರೆಗೆ ಏನನ್ನೂ ಬದಲಿಸಬೇಡಿ. ನನ್ನ ಒಂದೇ ಕೋರಿಕೆ ಇದು.

ಮೊದಲು ಲ್ಯಾಪ್‌ಟಾಪ್

ಕ್ಲಸ್ಟರ್ ಶುರುವೇ ಆಗುತ್ತಿಲ್ಲ ಅಂದರೆ ಕುಬರ್ನೆಟಿಸ್ ಬಿಟ್ಟು ಕೆಳಗೆ ನೋಡಿ. ಮಿನಿಕ್ಯೂಬ್‌ಗೆ ಕಡಿಮೆ ಅಂದರೂ 2 ಸಿಪಿಯು, 2 ಜಿಬಿ ಖಾಲಿ ಮೆಮೊರಿ, 20 ಜಿಬಿ ಡಿಸ್ಕ್ ಬೇಕು. 4 ಜಿಬಿ ರ್‍ಯಾಮ್ ಇರುವ ಯಂತ್ರದಲ್ಲಿ ಬ್ರೌಸರ್‌ನ ಹತ್ತು ಟ್ಯಾಬ್ ತೆರೆದಿಟ್ಟುಕೊಂಡರೆ ಆ 2 ಜಿಬಿ ಸಿಗುವುದಿಲ್ಲ. ವಿಂಡೋಸ್‌ನಲ್ಲಿ ಡಬ್ಲ್ಯೂಎಸ್‌ಎಲ್ 2 (ವಿಂಡೋಸ್‌ನೊಳಗೆ ಲಿನಕ್ಸ್ ಓಡಿಸುವ ವ್ಯವಸ್ಥೆ) ಬಳಸುವವರು ಇನ್ನೊಂದು ವಿಷಯ ನೆನಪಿಡಿ. ಅದಕ್ಕೆ ಸಿಗುವುದು ಸಾಮಾನ್ಯವಾಗಿ ಯಂತ್ರದ ಅರ್ಧ ಮೆಮೊರಿ. 8 ಜಿಬಿ ಯಂತ್ರವಾದರೆ ನಿಮ್ಮ ಇಡೀ ಕ್ಲಸ್ಟರ್ 4 ಜಿಬಿಯೊಳಗೆ ಬದುಕಬೇಕು. ಅದನ್ನು ಡಾಟ್ ಡಬ್ಲ್ಯೂಎಸ್‌ಎಲ್‌ಕಾನ್ಫಿಗ್ ಫೈಲ್‌ನಲ್ಲಿ ಬದಲಿಸಬಹುದು.

'ಡಾಕರ್ ಪಿಎಸ್' ಕೊಟ್ಟರೆ 'ಪರ್ಮಿಷನ್ ಡಿನೈಡ್' ಬರುತ್ತಿದೆಯಾ? ಲಿನಕ್ಸ್‌ನಲ್ಲಿ ನಿಮ್ಮ ಯೂಸರ್ ಡಾಕರ್ ಗ್ರೂಪ್‌ನಲ್ಲಿ ಇಲ್ಲ ಅಂತ ಅರ್ಥ. ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ. ಆ ಗ್ರೂಪ್‌ಗೆ ಸೇರಿದವರ ಕೈಗೆ ಯಂತ್ರದ ರೂಟ್ ಅಧಿಕಾರವೇ ಸಿಕ್ಕಿದ ಹಾಗೆ, ಅದೂ ತಿಳಿದಿರಲಿ. ಎಲ್ಲದರ ಮುಂದೆಯೂ ಸುಮ್ನೆ 'ಸುಡೊ' ಹಾಕುತ್ತಾ ಹೋಗಬೇಡಿ. ಅದರಿಂದ ಮುಂದೆ ಬೇರೆಯೇ ತೊಂದರೆ ಬರುತ್ತದೆ. ವರ್ಚುವಲ್‌ಬಾಕ್ಸ್ ಬಳಸುವವರಿಗೆ ವಿಟಿ-ಎಕ್ಸ್ ಇಲ್ಲ ಅಂತ ಬಂದರೆ ಬಯಾಸ್‌ಗೆ ಹೋಗಿ ವರ್ಚುವಲೈಸೇಷನ್ ಆನ್ ಮಾಡಬೇಕು.

ಡಿಸ್ಕ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ದೊಡ್ಡ ಕ್ಲಸ್ಟರ್‌ಗಳಲ್ಲಿ ನೋಡ್‌ನ ಡಿಸ್ಕ್ ತುಂಬುತ್ತಾ ಬಂದರೆ ಕ್ಯೂಬ್ಲೆಟ್ 'ಡಿಸ್ಕ್‌ಪ್ರೆಶರ್' ಅಂತ ಹೇಳಿ ಪಾಡ್‌ಗಳನ್ನು ಹೊರಗೆ ಹಾಕುತ್ತದೆ. ಮಿನಿಕ್ಯೂಬ್ ಮತ್ತು ಕೈಂಡ್ ಎರಡೂ ಈ ಕಾವಲನ್ನು ಮೊದಲೇ ಆಫ್ ಮಾಡಿಟ್ಟಿವೆ. ಅಲ್ಲಿ ಡಿಸ್ಕ್ ನಿಮ್ಮ ಲ್ಯಾಪ್‌ಟಾಪ್‌ನದೇ ಆದ್ದರಿಂದ ಆ ಲೆಕ್ಕಕ್ಕೆ ಅರ್ಥ ಕಡಿಮೆ. ಆದ್ದರಿಂದ ನಿಮಗೆ ಮುನ್ಸೂಚನೆ ಸಿಗುವುದಿಲ್ಲ. ಒಂದು ದಿನ ಇದ್ದಕ್ಕಿದ್ದ ಹಾಗೆ 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್' ಅಂತ ಎಲ್ಲಿಂದಲೋ ಬರುತ್ತದೆ. ವಾರಕ್ಕೊಮ್ಮೆ 'ಡಾಕರ್ ಸಿಸ್ಟಮ್ ಡಿಎಫ್' ಕೊಟ್ಟು ನೋಡಿ. ಹಳೆಯ ಇಮೇಜ್‌ಗಳು ಎಷ್ಟು ಜಾಗ ತಿಂದಿವೆ ಅಂತ ಕಾಣುತ್ತದೆ.

ಇನ್ನು ಹಳೆಯ, ತಿರುಗುವ ಹಾರ್ಡ್ ಡಿಸ್ಕ್ ಇರುವ ಲ್ಯಾಪ್‌ಟಾಪ್‌ಗಳು. ಎಟ್‌ಸಿಡಿ ಪ್ರತಿ ಬರವಣಿಗೆಯನ್ನೂ ಡಿಸ್ಕ್‌ಗೆ ಮುಟ್ಟಿಸಿದ ಮೇಲೆಯೇ ಆಯಿತು ಅನ್ನುತ್ತದೆ. ಡಿಸ್ಕ್ ನಿಧಾನವಾದರೆ ಎಟ್‌ಸಿಡಿ ನಿಧಾನ, ಎಟ್‌ಸಿಡಿ ನಿಧಾನವಾದರೆ ಎಲ್ಲವೂ ನಿಧಾನ. ಕ್ಯೂಬ್-ಸಿಸ್ಟಮ್‌ನ (ಕುಬರ್ನೆಟಿಸ್‌ನ ಸ್ವಂತ ಕೆಲಸದ) ಪಾಡ್‌ಗಳ ರೀಸ್ಟಾರ್ಟ್ ಎಣಿಕೆ ಏರುತ್ತಲೇ ಇದ್ದು, ಲಾಗ್‌ನಲ್ಲಿ 'ಎಟ್‌ಸಿಡಿಸರ್ವರ್: ರಿಕ್ವೆಸ್ಟ್ ಟೈಮ್ಡ್ ಔಟ್' ಕಂಡರೆ ನಿಮ್ಮ ಯಾಮಲ್‌ನಲ್ಲಿ ತಪ್ಪು ಹುಡುಕಬೇಡಿ. ಎಸ್‌ಎಸ್‌ಡಿ ಹಾಕಿಸುವುದೇ ಪರಿಹಾರ. ಕಲಿಯುವವರು ಹಣ ಹಾಕುವುದಾದರೆ ಮೊದಲು ಇದಕ್ಕೇ ಹಾಕಲಿ ಅಂತ ನನ್ನ ಅನಿಸಿಕೆ.

ಕ್ಯೂಬ್‌ಸಿಟಿಎಲ್ ಯಾರ ಜೊತೆ ಮಾತಾಡುತ್ತಿದೆ?

'ದಿ ಕನೆಕ್ಷನ್ ಟು ದಿ ಸರ್ವರ್ ಲೋಕಲ್‌ಹೋಸ್ಟ್:8080 ವಾಸ್ ರೆಫ್ಯೂಸ್ಡ್.' ಇದನ್ನು ನೋಡಿ ಎಷ್ಟೋ ಜನ 8080 ಪೋರ್ಟ್‌ನಲ್ಲಿ ಏನಿದೆ ಅಂತ ಹುಡುಕಲು ಹೊರಡುತ್ತಾರೆ. ಅಲ್ಲಿ ಏನೂ ಇಲ್ಲ. ಕ್ಯೂಬ್‌ಸಿಟಿಎಲ್‌ಗೆ ವಿಳಾಸ ಬರೆದಿರುವ ಫೈಲ್ ಸಿಕ್ಕಿಲ್ಲ, ಅದಕ್ಕೇ ತನ್ನ ಹಳೆಯ ಊಹೆಯ ವಿಳಾಸಕ್ಕೆ ಹೋಗಿ ಬಾಗಿಲು ತಟ್ಟಿದೆ. ಈಗ ತಾನೇ ಹೇಳಿದ 'ಸುಡೊ' ತೊಂದರೆ ಇದೇ. 'ಸುಡೊ ಕ್ಯೂಬ್‌ಸಿಟಿಎಲ್' ಅಂದರೆ ಅದು ರೂಟ್ ಯೂಸರ್‌ನ ಹೋಮ್ ಫೋಲ್ಡರ್‌ನಲ್ಲಿ ಕಾನ್ಫಿಗ್ ಹುಡುಕುತ್ತದೆ. ನಿಮ್ಮದು ನಿಮ್ಮ ಹೋಮ್ ಫೋಲ್ಡರ್‌ನಲ್ಲಿದೆ.

ಮಿನಿಕ್ಯೂಬ್, ಕೈಂಡ್ ಎರಡನ್ನೂ ಹಾಕಿಕೊಂಡವರು 'ಕ್ಯೂಬ್‌ಸಿಟಿಎಲ್ ಕಾನ್ಫಿಗ್ ಕರೆಂಟ್-ಕಾಂಟೆಕ್ಸ್ಟ್' ಕೊಟ್ಟು ನೋಡಿ. ಒಂದರಲ್ಲಿ ಡಿಪ್ಲಾಯ್ ಮಾಡಿ ಇನ್ನೊಂದರಲ್ಲಿ ಹುಡುಕುವುದು ತುಂಬಾ ಸಾಮಾನ್ಯ. ಕೆಲಸದ ಜಾಗದ ಕ್ಲಸ್ಟರ್ ಕೂಡ ಅದೇ ಫೈಲ್‌ನಲ್ಲಿ ಇದ್ದರೆ ಇದು ಬರೀ ಗೊಂದಲದ ವಿಷಯ ಅಲ್ಲ, ಅಪಾಯದ ವಿಷಯ. ಅಭ್ಯಾಸಕ್ಕೆ ಬೇರೆ ಕಾನ್ಫಿಗ್ ಫೈಲ್ ಇಟ್ಟುಕೊಳ್ಳಿ ಅಂತ ನಾನು ಪಟ್ಟು ಹಿಡಿದು ಹೇಳುತ್ತೇನೆ.

'ಮಿನಿಕ್ಯೂಬ್ ಸ್ಟೇಟಸ್' ನಾಲ್ಕು ವಿಷಯ ಹೇಳುತ್ತದೆ: ಹೋಸ್ಟ್, ಕ್ಯೂಬ್ಲೆಟ್, ಎಪಿಐಸರ್ವರ್, ಕ್ಯೂಬ್‌ಕಾನ್ಫಿಗ್. ಕೊನೆಯದರ ಮುಂದೆ 'ಮಿಸ್‌ಕಾನ್ಫಿಗರ್ಡ್' ಇದ್ದರೆ 'ಮಿನಿಕ್ಯೂಬ್ ಅಪ್‌ಡೇಟ್-ಕಾಂಟೆಕ್ಸ್ಟ್' ಸಾಕು.

ಓದಬೇಕಾದ ಮೂರು ಕಡೆ

'ಕ್ಯೂಬ್‌ಸಿಟಿಎಲ್ ಗೆಟ್ ಪಾಡ್ಸ್' ಬರೀ ಸ್ಟೇಟಸ್ ಹೇಳುತ್ತದೆ. ಕಾರಣ ಇರುವುದು 'ಕ್ಯೂಬ್‌ಸಿಟಿಎಲ್ ಡಿಸ್ಕ್ರೈಬ್ ಪಾಡ್' ಕೊಟ್ಟಾಗ ಕೆಳಗೆ ಬರುವ 'ಈವೆಂಟ್ಸ್' ಭಾಗದಲ್ಲಿ. ಮೇಲಿನ ಉದ್ದದ ಪಟ್ಟಿ ನೋಡಿ ಹೆದರಿ ಅಲ್ಲಿಗೇ ನಿಲ್ಲಿಸಬೇಡಿ, ನೇರ ಕೆಳಗೆ ಹೋಗಿ. ಈ ಈವೆಂಟ್‌ಗಳು ಸಾಮಾನ್ಯವಾಗಿ 1 ಗಂಟೆ ಮಾತ್ರ ಉಳಿಯುತ್ತವೆ. ಊಟ ಮುಗಿಸಿ, ಒಂದು ನಿದ್ದೆ ಮಾಡಿ ಬಂದು ನೋಡಿದರೆ ಮೊದಲ ಕಾರಣ ಅಳಿಸಿ ಹೋಗಿರಬಹುದು.

ಎರಡನೆಯದು ಲಾಗ್. ಕಂಟೇನರ್ ಬಿದ್ದು ಮತ್ತೆ ಎದ್ದಿದ್ದರೆ 'ಕ್ಯೂಬ್‌ಸಿಟಿಎಲ್ ಲಾಗ್ಸ್' ತೋರಿಸುವುದು ಹೊಸ ಕಂಟೇನರ್‌ನ ಲಾಗ್. ಅದರಲ್ಲಿ ಎರಡು ಸಾಲು ಇರಬಹುದು, ಏನೂ ಇಲ್ಲದೆಯೂ ಇರಬಹುದು. ಬಿದ್ದು ಹೋದದ್ದರ ಮಾತು ಬೇಕಾದರೆ ಕೊನೆಗೆ '--ಪ್ರೀವಿಯಸ್' ಸೇರಿಸಬೇಕು. ಮೂರನೆಯದು, ಪಾಡ್ ಹುಟ್ಟೇ ಇಲ್ಲದಿದ್ದಾಗ. ಡಿಪ್ಲಾಯ್‌ಮೆಂಟ್ (ಯಾವ ಪಾಡ್ ಎಷ್ಟು ಬೇಕು ಅಂತ ಹೇಳುವ ಆಬ್ಜೆಕ್ಟ್) ಇದೆ, ಪಾಡ್ ಪಟ್ಟಿ ಖಾಲಿ ಅಂದರೆ ಅದರ ಪರವಾಗಿ ಪಾಡ್ ಹುಟ್ಟಿಸುವ ರೆಪ್ಲಿಕಾಸೆಟ್ ಅನ್ನು ಡಿಸ್ಕ್ರೈಬ್ ಮಾಡಿ. ಕೋಟಾ ಮೀರಿದ್ದು, ಸರ್ವಿಸ್ ಅಕೌಂಟ್ ಇಲ್ಲದ್ದು ಇಂಥವೆಲ್ಲ ಅಲ್ಲಿ ಬರೆದಿರುತ್ತದೆ.

ಪೆಂಡಿಂಗ್

ಈವೆಂಟ್‌ನಲ್ಲಿ '0/1 ನೋಡ್ಸ್ ಆರ್ ಅವೈಲಬಲ್: 1 ಇನ್‌ಸಫಿಶಿಯೆಂಟ್ ಮೆಮೊರಿ' ಅಂತ ಇದ್ದರೆ ನೋಡ್‌ನಲ್ಲಿ ಜಾಗ ಇಲ್ಲ. ಶೆಡ್ಯೂಲರ್ ನಿಜವಾಗಿ ಎಷ್ಟು ಮೆಮೊರಿ ಖರ್ಚಾಗುತ್ತಿದೆ ಅಂತ ನೋಡುವುದಿಲ್ಲ. ನೀವು 'ರಿಕ್ವೆಸ್ಟ್ಸ್' ಅಂತ ಬರೆದ ಅಂಕಿಗಳನ್ನು ಕೂಡಿಸುತ್ತದೆ, ಅಷ್ಟೇ. ಎಲ್ಲಿಂದಲೋ ನಕಲು ಮಾಡಿದ ಯಾಮಲ್‌ನಲ್ಲಿ 2 ಜಿಬಿ ರಿಕ್ವೆಸ್ಟ್ ಇದ್ದರೆ, ಖಾಲಿ ಕೂತಿರುವ ಕ್ಲಸ್ಟರ್‌ನಲ್ಲೂ ಪಾಡ್ ಪೆಂಡಿಂಗ್ ಆಗಬಹುದು. ಅಂಕಿ ಇಳಿಸಿ.

ವಾಲ್ಯೂಮ್ (ಪಾಡ್ ಡೇಟಾ ಇಡುವ ಜಾಗ) ಕಾರಣಕ್ಕೂ ಪೆಂಡಿಂಗ್ ಬರುತ್ತದೆ. ಇಲ್ಲಿ ಒಂದು ತಪ್ಪಲ್ಲದ ತಪ್ಪಿದೆ. ಕೈಂಡ್‌ನಲ್ಲಿ ಪಿವಿಸಿ (ಆ ಜಾಗಕ್ಕೆ ಹಾಕುವ ಅರ್ಜಿ) ಮಾತ್ರ ಮಾಡಿ ನೋಡಿದರೆ ಅದು ಪೆಂಡಿಂಗ್ ಅಂತಲೇ ಇರುತ್ತದೆ. ಅಲ್ಲಿ ಜಾಗ ಕೊಡುವ ಸ್ಟೋರೇಜ್‌ಕ್ಲಾಸ್, ಒಂದು ಪಾಡ್ ಬಂದು ಕೇಳುವವರೆಗೆ ಕಾಯುತ್ತದೆ. ಈವೆಂಟ್‌ನಲ್ಲಿ 'ವೇಟಿಂಗ್ ಫಾರ್ ಫಸ್ಟ್ ಕನ್ಸ್ಯೂಮರ್' ಅಂತ ಬರೆದಿರುತ್ತದೆ. ಪಾಡ್ ಹಾಕಿ, ತಾನೇ ಸರಿಹೋಗುತ್ತದೆ.

ಕ್ಯೂಬ್‌ಎಡಿಎಂ ಬಳಸಿ ಕೈಯಾರೆ ಕ್ಲಸ್ಟರ್ ಕಟ್ಟಿದವರಿಗೆ ಬೇರೆ ಕಾರಣಗಳಿವೆ. ಸಿಎನ್‌ಐ (ಪಾಡ್‌ಗಳ ನೆಟ್‌ವರ್ಕ್ ಪ್ಲಗಿನ್) ಹಾಕುವವರೆಗೆ ನೋಡ್ 'ನಾಟ್‌ರೆಡಿ', ಕೋರ್‌ಡಿಎನ್‌ಎಸ್ (ಕ್ಲಸ್ಟರ್‌ನೊಳಗೆ ಹೆಸರಿಗೆ ವಿಳಾಸ ಹುಡುಕಿಕೊಡುವುದು) ಪೆಂಡಿಂಗ್. ಒಂದೇ ನೋಡ್ ಇದ್ದರೆ ಕಂಟ್ರೋಲ್-ಪ್ಲೇನ್ ಟೇಂಟ್ (ಕ್ಲಸ್ಟರ್ ನಡೆಸುವ ನೋಡ್‌ಗೆ ಬೇರೆ ಪಾಡ್ ಬರದಂತೆ ತಡೆಯುವ ಗುರುತು) ತೆಗೆಯಬೇಕು. ಸ್ವಾಪ್ (ಡಿಸ್ಕನ್ನೇ ಮೆಮೊರಿಯ ಹಾಗೆ ಬಳಸುವುದು) ಆಫ್ ಮಾಡಬೇಕು. ಕಂಟೇನರ್‌ಡಿಯ ಕಾನ್ಫಿಗ್‌ನಲ್ಲಿ ಸಿಸ್ಟಮ್‌ಡಿ ಸಿಗ್ರೂಪ್ (ಸಿಪಿಯು, ಮೆಮೊರಿ ಹಂಚುವ ಲಿನಕ್ಸ್ ವ್ಯವಸ್ಥೆ) ಆನ್ ಇರಬೇಕು. ಕುಬರ್ನೆಟಿಸ್ 1.22ರಿಂದ ಕ್ಯೂಬ್‌ಎಡಿಎಂ ಅದನ್ನೇ ಎದುರುನೋಡುತ್ತದೆ. ಕ್ಯೂಬ್ಲೆಟ್, ಕಂಟೇನರ್‌ಡಿ ಎರಡೂ ಕಡೆ ಬೇರೆ ಬೇರೆ ಇದ್ದರೆ ಕಂಟ್ರೋಲ್ ಪ್ಲೇನ್ ಎದ್ದು ಎದ್ದು ಬೀಳುತ್ತದೆ.

ಇಮೇಜ್ ಸಿಗುತ್ತಿಲ್ಲ

ಕಲಿಯುವವರ ಅರ್ಧ ಸಂಜೆ ತಿನ್ನುವುದು ಇದೇ, ಅದಕ್ಕೆ ಇಲ್ಲಿ ನಿಧಾನವಾಗಿ ಹೋಗೋಣ. 'ಎರ್‌ಇಮೇಜ್‌ಪುಲ್' ಮತ್ತು 'ಇಮೇಜ್‌ಪುಲ್‌ಬ್ಯಾಕ್‌ಆಫ್' ಎರಡೂ ಒಂದೇ ಕಾಯಿಲೆ. ಮೊದಲನೆಯದು ಈಗಷ್ಟೇ ಪ್ರಯತ್ನಿಸಿ ಸೋತಿದ್ದು, ಎರಡನೆಯದು ಮುಂದಿನ ಪ್ರಯತ್ನಕ್ಕೆ ಕಾಯುತ್ತಿರುವುದು.

ನೀವು 'ಡಾಕರ್ ಬಿಲ್ಡ್' ಮಾಡಿ 'ಹಲೋ' ಅನ್ನುವ ಇಮೇಜ್ ಮಾಡಿದ್ದೀರಿ. 'ಡಾಕರ್ ಇಮೇಜಸ್' ಕೊಟ್ಟರೆ ಕಣ್ಣಿಗೆ ಕಾಣುತ್ತದೆ. ಆದರೂ ಪಾಡ್ 'ಪುಲ್ ಆಕ್ಸೆಸ್ ಡಿನೈಡ್' ಅನ್ನುತ್ತದೆ. ಯಾಕೆ? ಇಮೇಜ್ ಇರುವುದು ಲ್ಯಾಪ್‌ಟಾಪ್‌ನ ಡಾಕರ್‌ನಲ್ಲಿ. ಮಿನಿಕ್ಯೂಬ್ ನೋಡ್ ಬೇರೆಯೇ ಒಂದು ಯಂತ್ರದ ಹಾಗೆ, ಅದಕ್ಕೆ ತನ್ನದೇ ಉಗ್ರಾಣ ಇದೆ. ಕೈಂಡ್‌ನಲ್ಲೂ ಅಷ್ಟೇ. ಅಲ್ಲಿ ಇಲ್ಲದ್ದನ್ನು ಕ್ಯೂಬ್ಲೆಟ್ ಡಾಕರ್ ಹಬ್‌ನಲ್ಲಿ (ಇಂಟರ್ನೆಟ್‌ನಲ್ಲಿರುವ ಇಮೇಜ್‌ಗಳ ಸಾರ್ವಜನಿಕ ಉಗ್ರಾಣ) ಹುಡುಕುತ್ತದೆ. ಆ ಹೆಸರಿನದ್ದು ಅಲ್ಲಿಯೂ ಇಲ್ಲ. ಡಾಕರ್ ಹಬ್ 'ಇಲ್ಲ' ಅಂತ ನೇರವಾಗಿ ಹೇಳದೆ 'ಇಲ್ಲದಿರಬಹುದು, ಲಾಗಿನ್ ಬೇಕಿರಬಹುದು' ಅಂತ ಹೇಳುವುದರಿಂದ ಜನ ಪಾಸ್‌ವರ್ಡ್ ಹಿಂದೆ ಬೀಳುತ್ತಾರೆ.

ಮಿನಿಕ್ಯೂಬ್‌ನಲ್ಲಿ 'ಮಿನಿಕ್ಯೂಬ್ ಇಮೇಜ್ ಲೋಡ್', ಕೈಂಡ್‌ನಲ್ಲಿ 'ಕೈಂಡ್ ಲೋಡ್ ಡಾಕರ್-ಇಮೇಜ್' ಕೊಟ್ಟು ಇಮೇಜನ್ನು ಒಳಗೆ ಹಾಕಬೇಕು. ಮಿನಿಕ್ಯೂಬ್‌ನ 'ಡಾಕರ್-ಎನ್ವ್' ಬಳಸಿ ನೇರವಾಗಿ ಒಳಗಿನ ಡಾಕರ್‌ನಲ್ಲೇ ಬಿಲ್ಡ್ ಮಾಡುವವರೂ ಇದ್ದಾರೆ. ಅದು ಆ ಒಂದು ಟರ್ಮಿನಲ್‌ಗೆ ಮಾತ್ರ. ಇನ್ನೊಂದು ಟರ್ಮಿನಲ್ ತೆರೆದು ಬಿಲ್ಡ್ ಮಾಡಿದರೆ ಅದು ಮತ್ತೆ ಲ್ಯಾಪ್‌ಟಾಪ್‌ನ ಡಾಕರ್‌ಗೇ ಹೋಗುತ್ತದೆ.

ಒಳಗೆ ಹಾಕಿದ ಮೇಲೂ ಬರುತ್ತಿಲ್ಲವೇ? ಟ್ಯಾಗ್ (ಇಮೇಜ್ ಹೆಸರಿನ ನಂತರ ಕೋಲನ್ ಹಾಕಿ ಬರೆಯುವ ಆವೃತ್ತಿ) ನೋಡಿ. ಟ್ಯಾಗ್ ಕೊಡದಿದ್ದರೆ ಅಥವಾ 'ಲೇಟೆಸ್ಟ್' ಅಂತ ಕೊಟ್ಟರೆ 'ಇಮೇಜ್‌ಪುಲ್‌ಪಾಲಿಸಿ' ತಾನಾಗಿ 'ಆಲ್ವೇಸ್' ಆಗುತ್ತದೆ. ಮನೆಯಲ್ಲಿ ಅಕ್ಕಿ ಇದ್ದರೂ ಪ್ರತಿ ಸಲ ಅಂಗಡಿಗೆ ಹೋಗಿ ಕೇಳು ಅಂದ ಹಾಗೆ. ಬೇರೆ ಯಾವ ಟ್ಯಾಗ್ ಕೊಟ್ಟರೂ 'ಇಫ್‌ನಾಟ್‌ಪ್ರೆಸೆಂಟ್' ಆಗುತ್ತದೆ.

ಈಗ ಎಲ್ಲಕ್ಕಿಂತ ಕಷ್ಟಪಟ್ಟು ನಾನು ಕಲಿತದ್ದು. ಈ ಪಾಲಿಸಿ ಗೊತ್ತಾದ ಮೇಲೆ ನಾನು ಟ್ಯಾಗ್ ಬದಲಿಸಿ 'ಹಲೋ:1' ಅಂತ ಮಾಡಿದೆ, ಅಪ್ಲೈ ಕೊಟ್ಟೆ. ಆಗಲೂ ಇಮೇಜ್‌ಪುಲ್‌ಬ್ಯಾಕ್‌ಆಫ್! ಇಡೀ ಒಂದು ರಾತ್ರಿ ಹೋಯಿತು. ಕಾರಣ ಇಷ್ಟೇ. ಈ ತಾನಾಗಿ ಬರುವ ಬೆಲೆ ಆಬ್ಜೆಕ್ಟ್ ಮೊದಲ ಸಲ ಹುಟ್ಟಿದಾಗ ಬರೆದುಕೊಳ್ಳುತ್ತದೆ. ಆಮೇಲೆ ಟ್ಯಾಗ್ ಬದಲಾದರೂ ಅದು ಬದಲಾಗುವುದಿಲ್ಲ. ನನ್ನ ಡಿಪ್ಲಾಯ್‌ಮೆಂಟ್ 'ಲೇಟೆಸ್ಟ್' ಜೊತೆ ಹುಟ್ಟಿತ್ತು, ಆದ್ದರಿಂದ 'ಆಲ್ವೇಸ್' ಹಾಗೆಯೇ ಕೂತಿತ್ತು. ನನ್ನ ಯಾಮಲ್‌ನಲ್ಲಿ ಆ ಸಾಲೇ ಇರಲಿಲ್ಲ, ಹಾಗಾಗಿ ಕಣ್ಣಿಗೂ ಬೀಳಲಿಲ್ಲ. 'ಕ್ಯೂಬ್‌ಸಿಟಿಎಲ್ ಗೆಟ್ ಡಿಪ್ಲಾಯ್‌ಮೆಂಟ್ -ಓ ಯಾಮಲ್' ಕೊಟ್ಟಾಗ ಕಂಡಿತು. ಅವತ್ತಿನಿಂದ ಪಾಲಿಸಿಯನ್ನು ನಾನೇ ಬಾಯಿಬಿಟ್ಟು ಬರೆಯುತ್ತೇನೆ. ಯಾವ ಸಮಸ್ಯೆ ಇರಲಿ, ನೀವು ಬರೆದ ಯಾಮಲ್ ಬೇರೆ, ಕ್ಲಸ್ಟರ್‌ನೊಳಗೆ ಇರುವ ಯಾಮಲ್ ಬೇರೆ. ಎರಡನೆಯದನ್ನು ಓದಿ.

ಇದರ ತದ್ವಿರುದ್ಧ ತೊಂದರೆಯೂ ಇದೆ. ಕೋಡ್ ಬದಲಿಸಿ, ಅದೇ ಟ್ಯಾಗ್‌ನಲ್ಲಿ ಬಿಲ್ಡ್ ಮಾಡಿ, ಲೋಡ್ ಮಾಡಿ, ಅಪ್ಲೈ ಕೊಟ್ಟರೂ ಹಳೆಯ ಪುಟವೇ ಕಾಣುತ್ತದೆ. ಯಾಮಲ್‌ನಲ್ಲಿ ಒಂದಕ್ಷರವೂ ಬದಲಾಗಿಲ್ಲವಾದ್ದರಿಂದ ಕುಬರ್ನೆಟಿಸ್ ಏನೂ ಮಾಡಿಲ್ಲ. ಪ್ರತಿ ಬಿಲ್ಡ್‌ಗೂ ಹೊಸ ಟ್ಯಾಗ್ ಕೊಡಿ, ಅದೇ ಒಳ್ಳೆಯದು. ಅವಸರಕ್ಕೆ 'ರೋಲ್‌ಔಟ್ ರೀಸ್ಟಾರ್ಟ್' ಆದೀತು.

ಹೊರಗಿನ ಇಮೇಜ್‌ಗಳಾದರೆ ಈವೆಂಟ್‌ನ ಪದಗಳನ್ನು ಹಿಡಿಯಿರಿ. 'ಟೂಮೆನಿರಿಕ್ವೆಸ್ಟ್ಸ್' ಅಂದರೆ ಡಾಕರ್ ಹಬ್‌ನ ಮಿತಿ ಮುಗಿದಿದೆ. 2020ರ ನವೆಂಬರ್‌ನಿಂದ ಅಲ್ಲಿ ಮಿತಿ ಇದೆ. ಲಾಗಿನ್ ಆಗದವರಿಗೆ ಐಪಿ ವಿಳಾಸದ ಮೇಲೆ ಎಣಿಸುತ್ತಾರೆ. ಒಂದು ಲ್ಯಾಬ್‌ನ ಎಲ್ಲಾ ಯಂತ್ರಗಳೂ ಒಂದೇ ಐಪಿಯಿಂದ ಹೊರಗೆ ಹೋಗುತ್ತಿದ್ದರೆ ಎಲ್ಲರ ಲೆಕ್ಕವೂ ಒಂದೇ ಖಾತೆಗೆ ಬೀಳುತ್ತದೆ. 'ಎಕ್ಸ್509: ಸರ್ಟಿಫಿಕೇಟ್ ಸೈನ್ಡ್ ಬೈ ಅನ್‌ನೋನ್ ಅಥಾರಿಟಿ' ಅಂದರೆ ಸಾಮಾನ್ಯವಾಗಿ ಮಧ್ಯದಲ್ಲಿ ಆಫೀಸಿನ ಪ್ರಾಕ್ಸಿ ಕೂತು ತನ್ನ ಸರ್ಟಿಫಿಕೇಟ್ ತೋರಿಸುತ್ತಿದೆ. 'ಕೆ8ಎಸ್ ಡಾಟ್ ಜಿಸಿಆರ್ ಡಾಟ್ ಐಓ' ಅನ್ನುವ ವಿಳಾಸ ಕಂಡರೆ ನೀವು ನೋಡುತ್ತಿರುವ ಪಾಠ ಹಳೆಯದು. ಅದಕ್ಕೆ ಹೊಸ ಇಮೇಜ್ ಹಾಕುವುದನ್ನು 2023ರ ಏಪ್ರಿಲ್‌ನಲ್ಲಿ ನಿಲ್ಲಿಸಿ, 'ರಿಜಿಸ್ಟ್ರಿ ಡಾಟ್ ಕೆ8ಎಸ್ ಡಾಟ್ ಐಓ'ಗೆ ಬಂದಿದ್ದಾರೆ.

ಎದ್ದು ಬೀಳುವ ಪಾಡ್

'ಕ್ರ್ಯಾಶ್‌ಲೂಪ್‌ಬ್ಯಾಕ್‌ಆಫ್' ಅನ್ನುವುದು ಕಾಯಿಲೆಯ ಹೆಸರಲ್ಲ, ಕಾಯುವಿಕೆಯ ಹೆಸರು. ಬಿದ್ದಾಗಲೆಲ್ಲ ಕ್ಯೂಬ್ಲೆಟ್ 10 ಸೆಕೆಂಡ್, 20, 40 ಅಂತ ದುಪ್ಪಟ್ಟು ಮಾಡುತ್ತಾ 5 ನಿಮಿಷದವರೆಗೆ ಕಾಯುತ್ತದೆ. ಹಾಗಾಗಿ ಸರಿಮಾಡಿದ ಮೇಲೂ ಪಾಡ್ ತಕ್ಷಣ ಏಳದೆ ಇರಬಹುದು. ಡಿಪ್ಲಾಯ್‌ಮೆಂಟ್ ಆಗಿದ್ದರೆ ಪಾಡ್ ಡಿಲೀಟ್ ಮಾಡಿ, ಹೊಸದು ತಕ್ಷಣ ಬರುತ್ತದೆ.

ಡಿಸ್ಕ್ರೈಬ್‌ನಲ್ಲಿ 'ಲಾಸ್ಟ್ ಸ್ಟೇಟ್' ಕೆಳಗೆ ಎಕ್ಸಿಟ್ ಕೋಡ್ ಇರುತ್ತದೆ. 0 ಇದ್ದರೆ ಪ್ರೋಗ್ರಾಂ ಕೆಲಸ ಮುಗಿಸಿ ಹೊರಟಿದೆ. ಸುಮ್ನೆ ಉಬುಂಟು ಇಮೇಜ್ ಹಾಕಿದರೆ ಹೀಗಾಗುತ್ತದೆ, ಅದಕ್ಕೆ ಮಾಡಲು ಕೆಲಸವೇ ಇಲ್ಲ. 1 ಇದ್ದರೆ ನಿಮ್ಮ ಕೋಡ್‌ನ ತಪ್ಪು, ಲಾಗ್ ಓದಿ. 127 ಅಂದರೆ ಆ ಕಮಾಂಡ್ ಸಿಗಲಿಲ್ಲ. 137 ಅಂದರೆ 128ಕ್ಕೆ 9 ಸೇರಿಸಿದ್ದು, 9ನೇ ಸಿಗ್ನಲ್‌ನಿಂದ ಕೊಂದಿದ್ದಾರೆ. ಪಕ್ಕದಲ್ಲಿ 'ಓಓಎಂಕಿಲ್ಡ್' ಇದ್ದರೆ ಮೆಮೊರಿ ಲಿಮಿಟ್ ಮೀರಿದೆ.

137 ಇದ್ದು ಓಓಎಂಕಿಲ್ಡ್ ಇಲ್ಲ, ಅಥವಾ 143 ಇದೆ ಅಂದರೆ ಲೈವ್‌ನೆಸ್ ಪ್ರೋಬ್ (ಪ್ರೋಗ್ರಾಂ ಬದುಕಿದೆಯಾ ಅಂತ ಆಗಾಗ ಕೇಳುವ ಪರೀಕ್ಷೆ) ನೋಡಿ. ಪ್ರೋಬ್‌ನಲ್ಲಿ ಏನೂ ಹೇಳದಿದ್ದರೆ 10 ಸೆಕೆಂಡಿಗೊಮ್ಮೆ ಕೇಳುತ್ತದೆ, ಉತ್ತರಕ್ಕೆ 1 ಸೆಕೆಂಡ್ ಕೊಡುತ್ತದೆ, 3 ಸಲ ಸೋತರೆ ಕಂಟೇನರ್ ನಿಲ್ಲಿಸಿ ಮತ್ತೆ ಶುರುಮಾಡುತ್ತದೆ. ದೊಡ್ಡ ಸರ್ವರ್‌ನಲ್ಲಿ 15 ಸೆಕೆಂಡಿಗೆ ಏಳುವ ಜಾವಾ ಪ್ರೋಗ್ರಾಂ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಒಂದು ನಿಮಿಷ ತೆಗೆದುಕೊಳ್ಳಬಹುದು. ಅದು ಕಣ್ಣು ಬಿಡುವ ಮೊದಲೇ ಪ್ರೋಬ್ ಅದನ್ನು ಮುಗಿಸಿರುತ್ತದೆ. ಪ್ರೋಗ್ರಾಂನಲ್ಲಿ ಏನೂ ತಪ್ಪಿಲ್ಲ. 'ಸ್ಟಾರ್ಟಪ್‌ಪ್ರೋಬ್' ಸೇರಿಸಿ ಏಳಲು ಸಮಯ ಕೊಡಿ.

ಇನ್ನೆರಡು. 'ಎಕ್ಸೆಕ್ ಫಾರ್ಮ್ಯಾಟ್ ಎರರ್' ಬಂದರೆ ಇಮೇಜ್ ಬೇರೆ ಪ್ರೊಸೆಸರ್‌ಗೆ ಮಾಡಿದ್ದು. ಆಪಲ್‌ನ ಎಂ ಸರಣಿಯ ಮ್ಯಾಕ್‌ನಲ್ಲಿ ಬಿಲ್ಡ್ ಮಾಡಿ ಇಂಟೆಲ್ ಯಂತ್ರದಲ್ಲಿ ಓಡಿಸಿದರೆ ಇದು ಬರುತ್ತದೆ. ವಿಂಡೋಸ್‌ನಲ್ಲಿ ಬರೆದ ಶೆಲ್ ಸ್ಕ್ರಿಪ್ಟ್ ಕಣ್ಣೆದುರೇ ಇದ್ದರೂ 'ನೋ ಸಚ್ ಫೈಲ್' ಅನ್ನುತ್ತಿದ್ದರೆ ಸಾಲಿನ ಕೊನೆಯ ಗುರುತು ನೋಡಿ. ವಿಂಡೋಸ್ ಅಲ್ಲಿ ಒಂದು ಕಾಣದ ಅಕ್ಷರ ಜಾಸ್ತಿ ಹಾಕಿರುತ್ತದೆ. ಎಡಿಟರ್‌ನಲ್ಲಿ ಎಲ್‌ಎಫ್‌ಗೆ ಬದಲಿಸಿ ಮತ್ತೆ ಬಿಲ್ಡ್ ಮಾಡಿ.

ರನ್ನಿಂಗ್ ಇದೆ, ಆದರೆ ತೆರೆಯುತ್ತಿಲ್ಲ

ಇಲ್ಲಿ ಯಾವ ಎರರ್ ಕೂಡ ಇರುವುದಿಲ್ಲ, ಅದಕ್ಕೇ ಇದು ಕಷ್ಟ. ಎಲ್ಲಾ ಹಸಿರು, ಬ್ರೌಸರ್ ಮಾತ್ರ ಖಾಲಿ. ಒಳಗಿನಿಂದ ಹೊರಗೆ ಬರೋಣ.

ಮೊದಲು ಸರ್ವಿಸ್ ತನ್ನ ಪಾಡ್‌ಗಳನ್ನು ಹುಡುಕಿಕೊಂಡಿದೆಯಾ ನೋಡಿ. 'ಕ್ಯೂಬ್‌ಸಿಟಿಎಲ್ ಡಿಸ್ಕ್ರೈಬ್ ಸರ್ವಿಸ್' ಕೊಟ್ಟಾಗ 'ಎಂಡ್‌ಪಾಯಿಂಟ್ಸ್' ಸಾಲು ಖಾಲಿ ಇದ್ದರೆ ಎರಡೇ ಕಾರಣ ನೋಡಿದರೆ ಸಾಕು. ಒಂದು, ಸರ್ವಿಸ್‌ನ ಸೆಲೆಕ್ಟರ್ (ಯಾವ ಲೇಬಲ್‌ನ ಪಾಡ್ ಬೇಕು ಅಂತ ಬರೆದದ್ದು) ಮತ್ತು ಪಾಡ್‌ನ ಲೇಬಲ್ ಹೊಂದುತ್ತಿಲ್ಲ. ಒಂದು ಕಡೆ 'ಹಲೋ-ವೆಬ್', ಇನ್ನೊಂದು ಕಡೆ 'ಹಲೋವೆಬ್'. ಕುಬರ್ನೆಟಿಸ್‌ಗೆ ಇದು ತಪ್ಪು ಅಂತ ಅನಿಸುವುದೇ ಇಲ್ಲ, ಹೊಂದುವ ಪಾಡ್ ಇನ್ನೂ ಬಂದಿಲ್ಲ ಅಂದುಕೊಂಡು ಸುಮ್ಮನೆ ಕಾಯುತ್ತದೆ. ಎರಡು, ಪಾಡ್ ರನ್ನಿಂಗ್ ಇದ್ದರೂ ರೆಡಿ ಕಾಲಮ್‌ನಲ್ಲಿ 0/1 ಇದೆ. ರೆಡಿ ಆಗದ ಪಾಡ್‌ಗೆ ಸರ್ವಿಸ್ ಯಾರನ್ನೂ ಕಳಿಸುವುದಿಲ್ಲ.

ಎಂಡ್‌ಪಾಯಿಂಟ್ ಇದ್ದರೆ ಪೋರ್ಟ್ ನೋಡಿ. ಪಾಡ್‌ನ ಯಾಮಲ್‌ನಲ್ಲಿ ಬರೆಯುವ 'ಕಂಟೇನರ್‌ಪೋರ್ಟ್' ಬರೀ ಮಾಹಿತಿ. ಅದನ್ನು ತಪ್ಪಾಗಿ ಬರೆದರೂ ನಡೆಯುತ್ತದೆ. ನಿಜವಾಗಿ ಲೆಕ್ಕಕ್ಕೆ ಬರುವುದು ಸರ್ವಿಸ್‌ನ 'ಟಾರ್ಗೆಟ್‌ಪೋರ್ಟ್' ಮತ್ತು ಪ್ರೋಗ್ರಾಂ ಕೇಳುತ್ತಿರುವ ಪೋರ್ಟ್.

ಎರಡೂ ಸರಿ ಇದೆ, ಆದರೂ ಇಲ್ಲ. ಇಲ್ಲಿ ಒಂದು ಬಲೆ ಇದೆ, ದಯವಿಟ್ಟು ಗಮನಕೊಟ್ಟು ಓದಿ. ಫ್ಲಾಸ್ಕ್‌ನಲ್ಲಿ (ಪೈಥಾನ್‌ನ ವೆಬ್ ಲೈಬ್ರರಿ) ಒಂದು ಪುಟ್ಟ ಪ್ರೋಗ್ರಾಂ ಬರೆದು 'ಆ್ಯಪ್.ರನ್' ಅಂತ ಹಾಕಿದರೆ ಅದು 127.0.0.1ರ 5000 ಪೋರ್ಟ್‌ನಲ್ಲಿ ಕೇಳುತ್ತದೆ. ಪಾಡ್‌ನೊಳಗೆ 127.0.0.1 ಅಂದರೆ ಆ ಪಾಡ್ ಮಾತ್ರ. ಮನೆಯ ಒಳಗಿನಿಂದ ಕರೆದರೆ ಓಗೊಡುತ್ತದೆ, ಬೀದಿಯಿಂದ ಕರೆದರೆ ಇಲ್ಲ. ಸರ್ವಿಸ್ ಬರುವುದು ಬೀದಿಯಿಂದ. ಪರೀಕ್ಷೆ ಮಾಡಲು ನೀವು 'ಕ್ಯೂಬ್‌ಸಿಟಿಎಲ್ ಪೋರ್ಟ್-ಫಾರ್ವರ್ಡ್' ಕೊಡುತ್ತೀರಿ. ಪುಟ ಚೆನ್ನಾಗಿ ತೆರೆಯುತ್ತದೆ! ಹಾಗಾಗಿ ಪ್ರೋಗ್ರಾಂ ಸರಿ ಇದೆ, ಸರ್ವಿಸ್‌ನದೇ ತಪ್ಪು ಅಂತ ತೀರ್ಮಾನಿಸಿ ಸರ್ವಿಸ್‌ನ ಯಾಮಲ್ ತಿದ್ದುತ್ತಾ ಕೂರುತ್ತೀರಿ. ಆದರೆ ಪೋರ್ಟ್-ಫಾರ್ವರ್ಡ್ ಪಾಡ್‌ನ ಮನೆಯೊಳಗೇ ಹೋಗಿ, ಅಲ್ಲಿಂದ ಲೋಕಲ್‌ಹೋಸ್ಟ್‌ಗೆ ಮಾತಾಡುತ್ತದೆ. ಅದಕ್ಕೇ ಅದು ಕೆಲಸ ಮಾಡಿದ್ದು. ಲಾಗ್‌ನ ಮೊದಲ ಸಾಲುಗಳಲ್ಲಿ '127.0.0.1:5000' ಅಂತ ಕಂಡರೆ ಪ್ರೋಗ್ರಾಂನಲ್ಲಿ ಹೋಸ್ಟ್ '0.0.0.0' ಮಾಡಿ.

ಪೋರ್ಟ್-ಫಾರ್ವರ್ಡ್ ಬದಲು ಇನ್ನೊಂದು ಪಾಡ್‌ನಿಂದ ಕರೆದು ನೋಡುವುದು ಒಳ್ಳೆಯದು. ಬಿಜಿಬಾಕ್ಸ್‌ನ (ಲಿನಕ್ಸ್ ಕಮಾಂಡ್‌ಗಳಿರುವ ಪುಟ್ಟ ಇಮೇಜ್) ಒಂದು ಪಾಡ್ ಹಾಕಿ, ಅದರೊಳಗಿಂದ ಸರ್ವಿಸ್ ಹೆಸರಿಗೆ 'ಡಬ್ಲ್ಯೂಗೆಟ್' ಕೊಡಿ. 'ಬ್ಯಾಡ್ ಅಡ್ರೆಸ್' ಅಂದರೆ ಹೆಸರೇ ಸಿಗುತ್ತಿಲ್ಲ, ಡಿಎನ್‌ಎಸ್ ಕಡೆ ಹೋಗಿ. ಬೇರೆ ನೇಮ್‌ಸ್ಪೇಸ್‌ನ (ಕ್ಲಸ್ಟರ್‌ನೊಳಗಿನ ಬೇರೆ ವಿಭಾಗದ) ಸರ್ವಿಸ್ ಆದರೆ ಹೆಸರಿನ ಕೊನೆಗೆ ಚುಕ್ಕಿ ಹಾಕಿ ನೇಮ್‌ಸ್ಪೇಸ್ ಸೇರಿಸಬೇಕು. 'ಕನೆಕ್ಷನ್ ರೆಫ್ಯೂಸ್ಡ್' ಅಂದರೆ ಮನೆ ಸಿಕ್ಕಿತು, ಆ ಬಾಗಿಲಲ್ಲಿ ಯಾರೂ ಇಲ್ಲ. ಎಂಡ್‌ಪಾಯಿಂಟ್ ಖಾಲಿ ಇದ್ದಾಗಲೂ ಸಾಮಾನ್ಯವಾಗಿ ಇದೇ ಬರುತ್ತದೆ, ಅದಕ್ಕೇ ಎಂಡ್‌ಪಾಯಿಂಟ್ ಮೊದಲು ನೋಡಿ ಅಂದದ್ದು. 'ಟೈಮ್ಡ್ ಔಟ್' ಅಂದರೆ ದಾರಿಯಲ್ಲೇ ಕಳೆದುಹೋಯಿತು.

ಒಳಗೆ ಎಲ್ಲಾ ಸರಿ, ಲ್ಯಾಪ್‌ಟಾಪ್‌ನ ಬ್ರೌಸರ್‌ಗೆ ಮಾತ್ರ ಬರುತ್ತಿಲ್ಲ ಅಂದರೆ ಕೊನೆಯ ಹೆಜ್ಜೆ. ಲಿನಕ್ಸ್‌ನಲ್ಲಿ ಮಿನಿಕ್ಯೂಬ್‌ನ 192.168.49.2 ವಿಳಾಸ ನೇರವಾಗಿ ಸಿಗುತ್ತದೆ. ವಿಂಡೋಸ್ ಮತ್ತು ಮ್ಯಾಕ್‌ನಲ್ಲಿ ಡಾಕರ್ ಡ್ರೈವರ್ ಬಳಸುತ್ತಿದ್ದರೆ ಸಿಗುವುದಿಲ್ಲ, ನೋಡ್ ಒಂದು ವರ್ಚುವಲ್ ಯಂತ್ರದೊಳಗೆ ಇದೆ. 'ಮಿನಿಕ್ಯೂಬ್ ಸರ್ವಿಸ್' ಕೊಟ್ಟು, ಆ ಟರ್ಮಿನಲ್ ಮುಚ್ಚದೆ ಇಟ್ಟುಕೊಳ್ಳಿ. ಲೋಡ್‌ಬ್ಯಾಲೆನ್ಸರ್ ಸರ್ವಿಸ್‌ನ ಎಕ್ಸ್‌ಟರ್ನಲ್ ಐಪಿ ಪೆಂಡಿಂಗ್ ಅಂತಲೇ ಇದ್ದರೆ 'ಮಿನಿಕ್ಯೂಬ್ ಟನಲ್' ಬೇಕು. ಐಪಿ ಕೊಡಲು ಇಲ್ಲಿ ಕ್ಲೌಡ್ ಕಂಪನಿ ಯಾವುದೂ ಇಲ್ಲವಲ್ಲ. ಕೈಂಡ್‌ನಲ್ಲಿ ನೋಡ್‌ಪೋರ್ಟ್ (ನೋಡ್‌ನ ಒಂದು ಪೋರ್ಟ್ ಮೂಲಕ ಸರ್ವಿಸ್ ತೋರಿಸುವುದು) ಬೇಕಾದರೆ 'ಎಕ್ಸ್‌ಟ್ರಾಪೋರ್ಟ್‌ಮ್ಯಾಪಿಂಗ್ಸ್' ಅನ್ನು ಕ್ಲಸ್ಟರ್ ಮಾಡುವಾಗಲೇ ಕೊಡಬೇಕು. ಆಮೇಲೆ ಸೇರಿಸಲು ಬರುವುದಿಲ್ಲ.

ಡಿಎನ್‌ಎಸ್, ವಿಪಿಎನ್, ಪ್ರಾಕ್ಸಿ

ನಿನ್ನೆ ಸರಿಯಿತ್ತು, ಇವತ್ತು ಇಲ್ಲ ಅಂದರೆ ನಾನು ಮೊದಲು ಕೇಳುವುದು: ವಿಪಿಎನ್ ಆನ್ ಇದೆಯಾ? ವಿಪಿಎನ್ 192.168ರ ದಾರಿಗಳನ್ನೆಲ್ಲ ತನ್ನ ಕಡೆ ಎಳೆದುಕೊಂಡರೆ ಮಿನಿಕ್ಯೂಬ್ ಸಿಗುವುದಿಲ್ಲ. ಆಫ್ ಮಾಡಿ ನೋಡಿ. ಪ್ರಾಕ್ಸಿ ಇರುವ ಕಡೆ ನೋ-ಪ್ರಾಕ್ಸಿ ಪಟ್ಟಿಯಲ್ಲಿ 10.96.0.0/12 ಮತ್ತು 192.168.49.0/24 ಇರಲೇಬೇಕು. ಇಲ್ಲದಿದ್ದರೆ ಕ್ಲಸ್ಟರ್‌ನೊಳಗಿನ ಮಾತೂ ಪ್ರಾಕ್ಸಿಗೆ ಹೋಗಿ ಅಲ್ಲೇ ಸಾಯುತ್ತದೆ.

ಕ್ಯೂಬ್‌ಎಡಿಎಂ ಹಾಕಿದ ಉಬುಂಟುವಿನಲ್ಲಿ ಕೋರ್‌ಡಿಎನ್‌ಎಸ್ ಕ್ರ್ಯಾಶ್ ಆಗುತ್ತಾ ಲಾಗ್‌ನಲ್ಲಿ 'ಲೂಪ್' ಅನ್ನುತ್ತಿದ್ದರೆ, ಅದಕ್ಕೆ 127.0.0.53 ಅನ್ನುವ ಲೋಕಲ್ ವಿಳಾಸ ಸಿಕ್ಕಿ, ತನ್ನನ್ನು ತಾನೇ ಕೇಳಿಕೊಳ್ಳುತ್ತಿದೆ. ಕ್ಯೂಬ್ಲೆಟ್‌ಗೆ ಸಿಸ್ಟಮ್‌ಡಿ-ರಿಸಾಲ್ವ್ಡ್‌ನ ನಿಜವಾದ ರಿಸಾಲ್ವ್ ಫೈಲ್ ತೋರಿಸಬೇಕು.

ಕೈಂಡ್‌ನಲ್ಲಿ ಹಲವು ನೋಡ್ ಹಾಕಿದಾಗ 'ಟೂ ಮೆನಿ ಓಪನ್ ಫೈಲ್ಸ್' ಬಂದರೆ ಲಿನಕ್ಸ್‌ನ ಐನೋಟಿಫೈ (ಫೈಲ್ ಬದಲಾವಣೆ ಗಮನಿಸುವ ಸೌಲಭ್ಯ) ಮಿತಿ ಸಾಲುತ್ತಿಲ್ಲ. ವಾಚ್‌ಗಳನ್ನು 524288ಕ್ಕೆ, ಇನ್‌ಸ್ಟನ್ಸ್‌ಗಳನ್ನು 512ಕ್ಕೆ ಏರಿಸಿ.

ಅಳಿಸುವುದಾದರೆ

ಅಳಿಸಲೇಬಾರದು ಅಂತ ನಾನು ಹೇಳುತ್ತಿಲ್ಲ. ಕರೆಂಟ್ ಹೋಗಿ ಯಂತ್ರ ಅರ್ಧದಲ್ಲಿ ನಿಂತು ಎಟ್‌ಸಿಡಿಯ ಫೈಲ್ ಕೆಟ್ಟಿದ್ದರೆ ಕಲಿಕೆಯ ಕ್ಲಸ್ಟರ್‌ನಲ್ಲಿ ಅದನ್ನು ಉಳಿಸಲು ಹೋಗುವುದು ಬೇಡ. ಆದರೆ ಡಿಲೀಟ್ ಕೊಡುವ ಮೊದಲು ಎರಡು ನಿಮಿಷ ಕೊಡಿ. 'ಮಿನಿಕ್ಯೂಬ್ ಲಾಗ್ಸ್' ಅನ್ನು ಒಂದು ಫೈಲ್‌ಗೆ ಬರೆಸಿ, ಕೈಂಡ್ ಆದರೆ 'ಕೈಂಡ್ ಎಕ್ಸ್‌ಪೋರ್ಟ್ ಲಾಗ್ಸ್'. ಡಿಸ್ಕ್ರೈಬ್ ಔಟ್‌ಪುಟ್ ಕೂಡ ಒಂದು ಫೈಲ್‌ಗೆ. ಯಾರನ್ನಾದರೂ ಸಹಾಯ ಕೇಳುವಾಗ ಸ್ಕ್ರೀನಿನ ಫೋಟೋ ಬದಲು ಈ ಫೈಲ್‌ಗಳನ್ನು ಕಳಿಸಿ. ಕಳಿಸುವ ಮೊದಲು ಅದರಲ್ಲಿ ಪಾಸ್‌ವರ್ಡ್, ಟೋಕನ್ ಇಲ್ಲ ಅಂತ ನೋಡಿಕೊಳ್ಳಿ. ಮಿನಿಕ್ಯೂಬ್ ಡಿಲೀಟ್ ಆದರೆ ಅದರೊಳಗೆ ಲೋಡ್ ಮಾಡಿದ ಇಮೇಜ್‌ಗಳು, ಪಿವಿಸಿಯಲ್ಲಿ ಇಟ್ಟ ಡೇಟಾ ಎಲ್ಲವೂ ಹೋಗುತ್ತವೆ. ಪಾಠಕ್ಕೆಂದು ತುಂಬಿಸಿದ ಡೇಟಾಬೇಸ್ ಇದ್ದರೆ ಮೊದಲು ಡಂಪ್ ತೆಗೆದುಕೊಳ್ಳಿ.